ಮಂಚದಿಂದ ನೆಲಕ್ಕೆ ಎರಡಡಿ

ನಾನೊಂದು ಕಬ್ಬಿಣದ ಮಂಚ. ಮದುವೆಮನೆಗೆ ಮಲ್ಲಿಗೆ ಸರ ಕಟ್ಟಿಸಿಕೊಂಡು ಹೋಗುವ ಜಾತಿಯದಲ್ಲ. ಕಾಲ ಬುಡದಲ್ಲಿ ಹ್ಯಾಂಡಲ್ ಇರುವ, ತಿರುಗಿಸಿದರೆ ತಲೆಯ ಕಡೆ ಮೇಲೇಳುವ, ರೋಗಿಗಳ ಮಂಚ. ನನ್ನನ್ನು ಕಂಡು ಇಲ್ಲಿಯವರೆಗೆ ಒಬ್ಬರೂ ನಕ್ಕಿಲ್ಲ. ಅದಕ್ಕೆ ನಾನು ಬೇಜಾರು ಮಾಡಿಕೊಂಡವನೂ ಅಲ್ಲ, ಕೆಲಸ ಅಂಥದು.

ನಾನು ಹುಟ್ಟಿದ್ದು ತುಮಕೂರಿನ ಒಂದು ತಗಡಿನ ಶೆಡ್ಡಿನಲ್ಲಿ. ಇಲಿಯಾಸ್ ಸಾಬರು ಅಂತ ಒಬ್ಬ ವೆಲ್ಡರು ನನ್ನನ್ನು ಕೂಡಿಸಿದರು. ನಾಲ್ಕು ಕಾಲು, ಎರಡು ಬದಿಗೆ ಕಂಬಿ, ಮೇಲೆ ತೂತು ತೂತಿನ ತಗಡು. ಬಿಳಿ ಬಣ್ಣ ಹೊಡೆಸಿ ಬಿಸಿಲಿಗಿಟ್ಟು, ಹ್ಯಾಂಡಲ್ಲನ್ನು ಒಂದು ಸಲ ತಿರುಗಿಸಿ ನೋಡಿದರು. ನಾನು ಕಿರ್ ಅಂದೆ. "ಇದಕ್ಕೆ ಬಾಯಿ ಜಾಸ್ತಿ" ಅಂದು ಎಣ್ಣೆ ಬಿಟ್ಟರು. ಎಷ್ಟು ಎಣ್ಣೆ ಬಿಟ್ಟರೂ ಆ ಕಿರ್ ನನ್ನನ್ನು ಬಿಟ್ಟು ಹೋಗಲಿಲ್ಲ. ಮಾತಾಡುವುದಕ್ಕೆ ನನಗಿರುವುದು ಅದೊಂದೇ. ಅದರಲ್ಲಿ ಏನು ಹೇಳಿದರೂ ಮನುಷ್ಯರಿಗೆ ಅರ್ಥವಾಗುವುದಿಲ್ಲ, ಎಣ್ಣೆ ತರಲು ಹೋಗುತ್ತಾರೆ.

ಮೊದಲು ಅರಸೀಕೆರೆಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿದ್ದೆ. ಅಲ್ಲಿ ಬಂದವರು ನಾಲ್ಕು ದಿನ ಮಲಗಿ, ಹಣ್ಣು ತಿಂದು, ಎದ್ದು ಮನೆಗೆ ಹೋಗುತ್ತಿದ್ದರು. ಅದು ನನ್ನ ಒಳ್ಳೆಯ ಕಾಲ. ನರ್ಸಿಂಗ್ ಹೋಮ್ ಮುಚ್ಚಿದಾಗ ಊರಿನ ಲೈನ್‌ಮನ್‌ಗಳೆಲ್ಲ ಸೇರಿ ನನ್ನನ್ನು ಕೊಂಡರು. ಯಾರಾದರೂ ಕಂಬದಿಂದ ಬಿದ್ದರೆ, ಯಾರ ಮನೆಯಲ್ಲಾದರೂ ಹಾಸಿಗೆ ಹಿಡಿದವರಿದ್ದರೆ ಇರಲಿ ಅಂತ. ಕರೆಂಟ್ ಆಫೀಸಿನ ಹಿಂದಿನ ಶೆಡ್ಡಿನಲ್ಲಿ ವೈರಿನ ಸುರುಳಿಗಳ ಪಕ್ಕ ನನಗೆ ಜಾಗ ಕೊಟ್ಟರು.

ಅಲ್ಲಿಂದ ಮೊದಲ ಸಲ ನಾನು ಹೋದದ್ದು ಗಂಗಾಧರನ ಮನೆಗೆ. ಅವನೂ ಲೈನ್‌ಮನ್ನೇ. ಅವನ ಹೆಂಡತಿ ನಾಗವೇಣಿಗೆ ಮೂವತ್ತನಾಲ್ಕು ವರ್ಷ. ಹೊಟ್ಟೆಯಲ್ಲಿ ಗಡ್ಡೆ. ಡಾಕ್ಟರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಅಂದುಬಿಟ್ಟಿದ್ದರು. ಮಗಳು ಹೇಮಿಗೆ ಒಂಬತ್ತು.

ಆ ಮನೆಯಲ್ಲಿ ಯಾರೂ ಕಾಯಿಲೆಯ ಹೆಸರು ಹೇಳುತ್ತಿರಲಿಲ್ಲ. "ಗ್ಯಾಸ್ಟ್ರಿಕ್ ಅಷ್ಟೇ, ಉಗಾದಿ ಹೊತ್ತಿಗೆ ಸರಿಹೋಗುತ್ತೆ" ಅಂತ ಗಂಗಾಧರ ಹೆಂಡತಿಗೆ ಹೇಳುತ್ತಿದ್ದ. "ಹೂಂ, ಇವತ್ತು ವಾಸಿ ಅನ್ನಿಸ್ತಿದೆ" ಅಂತ ಅವಳು ಗಂಡನಿಗೆ ಹೇಳುತ್ತಿದ್ದಳು. ಅವನು ಅಂಗಳಕ್ಕೆ ಹೋಗಿ ಮುಖ ತೊಳೆದುಕೊಂಡು ಬರುತ್ತಿದ್ದ. ಅವನು ಆಚೆ ಹೋದ ಕೂಡಲೇ ಅವಳು ನನ್ನ ಕಂಬಿ ಹಿಡಿದುಕೊಂಡು ಸದ್ದಿಲ್ಲದೆ ಅಳುತ್ತಿದ್ದಳು. ಅವನಿಗೂ ಗೊತ್ತು, ಅವಳಿಗೂ ಗೊತ್ತು. ಇಬ್ಬರಿಗೂ ಗೊತ್ತಿದೆ ಅನ್ನುವುದು ನನಗೊಬ್ಬನಿಗೆ ಗೊತ್ತು. ಹೇಳೋಣ ಅಂತ ಕಿರ್ ಅಂದೆ. ಗಂಗಾಧರ ಎಣ್ಣೆ ಡಬ್ಬಿ ತಂದ.

ಅವಳ ದನಿ ಕ್ಷೀಣವಾಗುತ್ತಾ ಬಂದಾಗ ಅವನು ಒಂದು ಉಪಾಯ ಮಾಡಿದ. ಕಾಲಿಂಗ್ ಬೆಲ್ಲಿನ ಗುಂಡಿಯೊಂದನ್ನು ನನ್ನ ಬಲಗಡೆಯ ಕಂಬಿಗೆ ಕರಿ ಟೇಪಿನಿಂದ ಸುತ್ತಿ ಕಟ್ಟಿದ. ಅಲ್ಲಿಂದ ಅಡುಗೆಮನೆಯ ಗೋಡೆಯವರೆಗೆ ವೈರು ಎಳೆದು ಬೆಲ್ಲು ಕೂರಿಸಿದ. ಊರಿಗೆಲ್ಲ ಕರೆಂಟು ಕೊಡುವವನಿಗೆ ಕರೆಂಟಿನ ಮೇಲೆ ನಂಬಿಕೆ ಇರಲಿಲ್ಲ, ಬೆಲ್ಲಿಗೆ ಎರಡು ಸೆಲ್ಲು ಹಾಕಿದ. "ಏನು ಬೇಕಾದ್ರೂ ಇದನ್ನ ಒತ್ತು ವೇಣಿ, ಕೂಗಬೇಡ" ಅಂದ.

ಬೆಲ್ಲು ಹೊಡೆದರೆ ಓಡಿಬರುವುದು ಹೇಮಿಯ ಕೆಲಸವಾಯಿತು. ನೀರು, ತಟ್ಟೆ, ದಿಂಬು, ಫ್ಯಾನು. ಶಾಲೆಯಿಂದ ಬಂದ ಮೇಲೆ ದಿನಕ್ಕೆ ಹತ್ತು ಹದಿನೈದು ಸಲ. ಮೊದಮೊದಲು ಹಾರಿಕೊಂಡು ಬರುತ್ತಿದ್ದಳು. ಆಮೇಲೆ ಆಮೇಲೆ ಕಾಲೆಳೆದುಕೊಂಡು ಬರುತ್ತಿದ್ದಳು. ಒಂಬತ್ತು ವರ್ಷದ ಹುಡುಗಿ, ಅದರಲ್ಲಿ ತಪ್ಪೇನಿದೆ? ನಾಗವೇಣಿಗೂ ಅದು ತಿಳಿಯುತ್ತಿತ್ತು. ಎಷ್ಟೋ ಸಲ ಅವಳ ಹೆಬ್ಬೆರಳು ಗುಂಡಿಯ ಮೇಲೆ ಬಂದು, ಒತ್ತದೆ ಹಿಂದಕ್ಕೆ ಹೋಗುತ್ತಿತ್ತು. ನಾಲಿಗೆ ಒಣಗಿದರೂ ಒತ್ತುತ್ತಿರಲಿಲ್ಲ. ಕಿಟಕಿಯ ಆಚೆ ಅಂಗಳದಲ್ಲಿ ಮಗಳು ಕುಂಟೆಬಿಲ್ಲೆ ಆಡುತ್ತಿದ್ದರೆ ತಲೆಯನ್ನು ಆ ಕಡೆಗೆ ತಿರುಗಿಸಿಕೊಂಡು ಮಲಗುತ್ತಿದ್ದಳು. ಕಣ್ಣಿಗೆ ಅಂಗಳ ಕಾಣುತ್ತಿರಲಿಲ್ಲ, ಕಿಟಕಿ ಎತ್ತರದಲ್ಲಿತ್ತು. ಕಿವಿಗೆ ಕೇಳಿಸುತ್ತಿತ್ತು, ಅಷ್ಟೇ.

ಇನ್ನು ಈ ಸೀಮೆಯ ಒಂದು ಪದ್ಧತಿ ಹೇಳಬೇಕು. ನನ್ನ ಬದುಕೆಲ್ಲ ಅದರ ಮೇಲೆ ನಿಂತಿದೆ. ಮಂಚದ ಮೇಲೆ ಪ್ರಾಣ ಹೋಗಬಾರದು ಅನ್ನುತ್ತಾರೆ. ಹೋದರೆ ಜೀವ ನೆಲಕ್ಕೂ ಸಲ್ಲದೆ ಆಕಾಶಕ್ಕೂ ಸಲ್ಲದೆ ನಡುವೆ ಸಿಕ್ಕಿಕೊಳ್ಳುತ್ತದಂತೆ. ಆದ್ದರಿಂದ ಉಸಿರಿನ ರೀತಿ ಬದಲಾದ ಕೂಡಲೇ ಮನೆಯ ಹಿರಿಯರು "ಇಳಿಸಿ" ಅನ್ನುತ್ತಾರೆ. ನಾಲ್ಕು ಜನ ಸೇರಿ ಎತ್ತಿ ಚಾಪೆಯ ಮೇಲೆ ಮಲಗಿಸುತ್ತಾರೆ. ಬಾಯಿಗೆ ತುಳಸಿ ನೀರು ಬಿಡುತ್ತಾರೆ. ಮಂಚದಿಂದ ನೆಲಕ್ಕೆ ಎರಡಡಿ. ತಿಂಗಳುಗಟ್ಟಲೆ ನಾನು ಹೊತ್ತವರನ್ನು ಕೊನೆಯ ಗಳಿಗೆಯಲ್ಲಿ ನನ್ನಿಂದ ಕಿತ್ತುಕೊಳ್ಳುತ್ತಾರೆ. ಅವರು ಹೋಗುವ ಗಳಿಗೆ ನನ್ನ ಪಾಲಿಗಿಲ್ಲ. ಖಾಲಿಯಾಗಿ ಪಕ್ಕದಲ್ಲಿ ನಿಂತಿರುತ್ತೇನೆ.

ಅವತ್ತು ಶನಿವಾರ. ಮಧ್ಯಾಹ್ನ ಮೂರೂವರೆ ಇರಬೇಕು. ಗಂಗಾಧರ ಬಾಣಾವರದ ಕಡೆ ಯಾವುದೋ ಹಳ್ಳಿಯಲ್ಲಿ ಕಂಬ ಹತ್ತಿದ್ದ. ಅವನ ಅಕ್ಕ ದೊಡ್ಡತಾಯಮ್ಮ ವಾರದಿಂದ ಇಲ್ಲೇ ಇದ್ದಳು. ಗಟ್ಟಿ ಹೆಂಗಸು, ಗಟ್ಟಿ ದನಿ. ಹೇಮಿ ಅಂಗಳದಲ್ಲಿ ಪಕ್ಕದ ಮನೆಯ ಹುಡುಗಿಯರ ಜೊತೆ ಕುಂಟೆಬಿಲ್ಲೆ ಆಡುತ್ತಿದ್ದಳು.

ದೊಡ್ಡತಾಯಮ್ಮ ನಾಗವೇಣಿಯ ಹಣೆ ಮುಟ್ಟಿ ನೋಡಿದಳು. "ವೇಣಿ, ಹೇಮೀನ ಕರೀಲೇನೇ?"

ನಾಗವೇಣಿ ತಲೆ ಅಲ್ಲಾಡಿಸಿದಳು. ಆ ಅಲ್ಲಾಟ ನನ್ನ ತಗಡಿಗೆ ತಿಳಿಯಿತು. "ಬೇಡ ಅತ್ತಿಗೆ. ಆಡ್ಲಿ." ಸ್ವಲ್ಪ ಹೊತ್ತು ಬಿಟ್ಟು, "ಕಾಲಿನ ಸದ್ದು ಕೇಳಿಸ್ತಾ ಇದೆ" ಅಂದಳು.

ಅದೇ ಅವಳ ಕೊನೆಯ ಮಾತು. ಹತ್ತು ನಿಮಿಷದಲ್ಲಿ ಉಸಿರು ಗೊರ್ ಅನ್ನತೊಡಗಿತು. ದೊಡ್ಡತಾಯಮ್ಮ ಪಕ್ಕದ ಮನೆಯವರನ್ನು ಕೂಗಿದಳು. ಮೂರು ಜನ ಬಂದರು. ಚಾಪೆ ಹಾಸಿದರು. ದೊಡ್ಡತಾಯಮ್ಮ ಬಲಗಡೆಯಿಂದ ಬಗ್ಗಿ ಅವಳ ಹೆಗಲ ಕೆಳಗೆ ಕೈ ಕೊಟ್ಟಳು. ಎತ್ತುವ ಭರದಲ್ಲಿ ಅವಳ ಮೊಣಕೈ ಗುಂಡಿಯ ಮೇಲೆ ಊರಿತು. ಅಡುಗೆಮನೆಯಲ್ಲಿ ಬೆಲ್ಲು ಬಡಿದುಕೊಂಡಿತು. ಯಾವತ್ತೂ ಹೊಡೆಯದಷ್ಟು ಉದ್ದಕ್ಕೆ.

ಅಂಗಳದಿಂದ ಹೇಮಿ ಕೂಗಿದಳು. "ಬಂದೆ ಅಮ್ಮ, ಇದೊಂದು ಮನೆ."

ಕುಂಟೆಬಿಲ್ಲೆಯಲ್ಲಿ ಗೀಚಿದ ಚೌಕಕ್ಕೆ ಮಕ್ಕಳು ಮನೆ ಅನ್ನುತ್ತಾರೆ. ಅವಳಿಗೆ ಒಂದೇ ಮನೆ ಉಳಿದಿತ್ತು. ಬಿಲ್ಲೆ ಎಸೆದು, ಕುಂಟಿಕೊಂಡು ಹೋಗಿ, ಗೆದ್ದು, ಕಾಲು ಒರೆಸಿಕೊಂಡು ಒಳಗೆ ಬಂದಳು. ಅಷ್ಟರಲ್ಲಿ ಅಮ್ಮ ಚಾಪೆಯ ಮೇಲಿದ್ದಳು. ನನ್ನನ್ನು ಬಿಡುವಾಗ ಉಸಿರಿತ್ತು. ಚಾಪೆ ಮುಟ್ಟುವಾಗ ಇರಲಿಲ್ಲ. ಎರಡಡಿ ದಾರಿಯಲ್ಲಿ ಎಲ್ಲಿ ಹೋಯಿತು ಅಂತ ನನಗೂ ಗೊತ್ತಿಲ್ಲ.

"ಅಮ್ಮ ಯಾಕೆ ಬೆಲ್ ಒತ್ತಿದ್ಲು ಅತ್ತೆ?" ಅಂತ ಹೇಮಿ ಕೇಳಿದಳು.

"ಸುಮ್ನಿರು. ಮಕ್ಳು ಇದನ್ನೆಲ್ಲ ಕೇಳಬಾರದು" ಅಂದಳು ದೊಡ್ಡತಾಯಮ್ಮ. ಮಗುವನ್ನು ಪಕ್ಕದ ಮನೆಗೆ ಕಳಿಸಿದರು. ಅಮ್ಮ ಮಲಗಿದ್ದಾಳೆ, ಸದ್ದು ಮಾಡಬೇಡ ಅಂದರು. ಮಂಡಕ್ಕಿ ಕೊಟ್ಟು ಕೂರಿಸಿದರು. ಗಂಗಾಧರ ಓಡಿ ಬಂದಾಗ ಸೊಂಟದಲ್ಲಿ ಕಂಬ ಹತ್ತುವ ಬೆಲ್ಟು ಹಾಗೇ ಇತ್ತು. ಬಾಗಿಲಲ್ಲೇ ಕುಸಿದು ಕುಳಿತ. ಬೆಲ್ಟು ಬಿಚ್ಚಬೇಕು ಅಂತ ಸಂಜೆಯವರೆಗೆ ಯಾರಿಗೂ ಹೊಳೆಯಲಿಲ್ಲ.

ಮಾರನೆಯ ದಿನ ನನ್ನನ್ನು ಅಂಗಳಕ್ಕೆ ತಂದು ಅರಿಶಿನ ನೀರು ಹಾಕಿ ತೊಳೆದು ಬಿಸಿಲಿಗಿಟ್ಟರು. ಎಲ್ಲರೂ ಒಳಗಿದ್ದಾಗ ಹೇಮಿ ಬಂದು ನನ್ನ ಮೇಲೆ ಹತ್ತಿ ಅಮ್ಮ ಮಲಗುತ್ತಿದ್ದ ಹಾಗೇ ಮಲಗಿದಳು. ಬೆನ್ನು ಎಷ್ಟು ಸಣ್ಣದು ಅಂದರೆ ಮೂರು ತೂತುಗಳ ಅಗಲವೂ ಇರಲಿಲ್ಲ. ಬಾಯನ್ನು ಕಂಬಿಗೆ ತಾಗಿಸಿ ಹೇಳಿದಳು. "ನಾನು ಬರ್ತಾ ಇದ್ದೆ ಅಮ್ಮ. ಒಂದೇ ಮನೆ ಉಳಿದಿತ್ತು." ಆಮೇಲೆ ಗುಂಡಿ ಒತ್ತಿದಳು. ವೈರನ್ನು ಆಗಲೇ ಕತ್ತರಿಸಿದ್ದರು. ಮತ್ತೆ ಒತ್ತಿದಳು. ಮತ್ತೆ ಮತ್ತೆ ಒತ್ತಿದಳು.

ಒತ್ತಿದ್ದು ನಿನ್ನ ಅಮ್ಮ ಅಲ್ಲ ಕಂದ, ನೀನು ಆಡಲಿ ಅಂದಳು ಅವಳು. ಅಷ್ಟು ಹೇಳಲು ನನಗೆ ಒಂದು ಬಾಯಿ ಬೇಕಿತ್ತು. ಬಿಸಿಲಿಗೆ ಕಾದಿದ್ದ ಕಬ್ಬಿಣ ನಾನು. ಕಿರ್ ಅಂದೆ. ಅವಳು ಬೆಚ್ಚಿ ಇಳಿದು ಓಡಿಹೋದಳು.

ಆಮೇಲೆ ಇಪ್ಪತ್ತೆರಡು ವರ್ಷ ನಾನು ಮನೆಯಿಂದ ಮನೆಗೆ ಓಡಾಡಿದೆ. ಒಂದು ಮನೆಯಲ್ಲಿ ತಿಂಗಳು, ಇನ್ನೊಂದರಲ್ಲಿ ಆರು ತಿಂಗಳು, ನಡುನಡುವೆ ಶೆಡ್ಡು. ಒಟ್ಟು ಎಂಟು ಮನೆ. ಮುದುಕರು, ಬಾಣಂತಿ ಒಬ್ಬಳು, ಲಾರಿ ಕ್ಲೀನರ್ ಒಬ್ಬ. ಎಲ್ಲ ಮನೆಯಲ್ಲೂ ಗ್ಯಾಸ್ಟ್ರಿಕ್ಕೇ, ಸುಸ್ತೇ, ಬರೀ ವೀಕ್ನೆಸ್ಸೇ. ಎಲ್ಲ ಮನೆಯಲ್ಲೂ ಬಾಗಿಲ ಆಚೆ ಒಂದು ಮಾತು, ಈಚೆ ಒಂದು ಮಾತು. ಎಲ್ಲ ಮನೆಯಲ್ಲೂ ಕೊನೆಗೆ "ಇಳಿಸಿ". ಕಂಬಿಯ ಗುಂಡಿಯನ್ನು ಮಾತ್ರ ಯಾರೂ ಕಿತ್ತುಹಾಕಲಿಲ್ಲ. ಅದರ ವೈರು ಎಲ್ಲಿಗೂ ಹೋಗುವುದಿಲ್ಲ ಅಂತ ಗೊತ್ತಿದ್ದೂ ಎಲ್ಲರೂ ಒಮ್ಮೆಯಾದರೂ ಒತ್ತಿ ನೋಡಿದ್ದಾರೆ.

ಹೇಮಿಯ ಸುದ್ದಿ ಶೆಡ್ಡಿಗೆ ಬರುವ ಲೈನ್‌ಮನ್‌ಗಳ ಮಾತಿನಲ್ಲಿ ಕಿವಿಗೆ ಬೀಳುತ್ತಿತ್ತು. ದೊಡ್ಡವಳಾದಳು, ಗಾರ್ಮೆಂಟ್ಸಿಗೆ ಸೇರಿದಳು, ಕಡೂರಿಗೆ ಮದುವೆ ಮಾಡಿಕೊಟ್ಟರು. "ಗಂಗಣ್ಣನ ಮನೇಲಿ ಕಾಲಿಂಗ್ ಬೆಲ್ಲೇ ಇಲ್ಲ ಕಣ್ರೋ. ಊರಿಗೆಲ್ಲ ಹಾಕಿಕೊಟ್ಟ, ತನ್ನ ಮನೆಗೆ ಹಾಕಲಿಲ್ಲ" ಅಂತ ಒಬ್ಬ ನಕ್ಕ. "ಮಗಳಿಗೆ ಆಗಲ್ವಂತೆ. ಬೆಲ್ಲು ಹೊಡೆದರೆ ಕಿವಿ ಮುಚ್ಚಿಕೊಂಡು ಕೂತುಬಿಡ್ತಾಳಂತೆ" ಅಂದ ಇನ್ನೊಬ್ಬ. ನಕ್ಕವನು ಆಮೇಲೆ ನಗಲಿಲ್ಲ.

ಒಂದು ದಿನ ಶೆಡ್ಡಿನ ಬಾಗಿಲು ತೆಗೆದು ಹೆಂಗಸೊಬ್ಬಳು ಬಂದಳು. ಮೂವತ್ತೊಂದು ವರ್ಷ. ನನ್ನ ಮೇಲಿದ್ದ ವೈರಿನ ಸುರುಳಿ ಸರಿಸಿ, ಧೂಳು ಒರೆಸಿ, ಕಂಬಿಯ ಮೇಲೆ ಕೈಯಾಡಿಸುತ್ತಾ ಬಂದಳು. ಕರಿ ಟೇಪಿನ ಹತ್ತಿರ ಕೈ ನಿಂತಿತು. ಬಹಳ ಹೊತ್ತು ನಿಂತಿತು. ಆ ಕೈಯನ್ನು ನಾನು ಮರೆಯುವುದುಂಟೇ?

ಗಂಗಾಧರನಿಗೆ ಶ್ವಾಸಕೋಶ ಕೆಟ್ಟಿತ್ತು. ಹಾಸನದ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಅಂದಿದ್ದರು. ಅದೇ ಮನೆ, ಅದೇ ಕೋಣೆ, ಅದೇ ಎತ್ತರದ ಕಿಟಕಿ. ಅವನನ್ನು ನನ್ನ ಮೇಲೆ ಮಲಗಿಸಿದ ದಿನವೇ ಅವನು ಕೇಳಿದ.

"ಎಷ್ಟು ದಿನ ಅಂದ್ರು ಮಗಾ?"

ನಾನು ಕಾಯುತ್ತಿದ್ದೆ. ಸುಸ್ತಷ್ಟೇ ಅಪ್ಪ ಅನ್ನುತ್ತಾಳೆ ಅಂದುಕೊಂಡೆ.

"ಹದಿನೈದು ದಿನ ಅಂದ್ರು ಅಪ್ಪ" ಅಂದಳು ಹೇಮಿ.

ಅವನು ಅವಳ ಕೈ ಹಿಡಿದುಕೊಂಡ. "ನಿಮ್ಮಮ್ಮನಿಗೆ ನಾನು ಹೇಳಲಿಲ್ಲ. ಕೊನೇವರೆಗೂ ಗ್ಯಾಸ್ಟ್ರಿಕ್ ಅಂದೆ. ಒಂದು ದಿನಾನೂ ಇಬ್ಬರೂ ಕೂತು ಅಳಲಿಲ್ಲ" ಅಂದ. ಆಗ ಅಪ್ಪ ಮಗಳು ಇಬ್ಬರೂ ಕೂತು ಅತ್ತರು. ನನ್ನ ಮೇಲೆ ಅಷ್ಟು ನೆಮ್ಮದಿಯಾಗಿ ಅತ್ತವರನ್ನು ನಾನು ಅದುವರೆಗೂ ಕಂಡಿರಲಿಲ್ಲ.

ಹೇಮಿ ಆ ಕೋಣೆ ಬಿಟ್ಟು ಹೋಗುತ್ತಿರಲಿಲ್ಲ. ಊಟ ಅಲ್ಲೇ. ನಿದ್ದೆ ನನ್ನ ಕಾಲಬಳಿ ನೆಲದ ಮೇಲೆ. ಸ್ನಾನಕ್ಕೆ ಹೋಗಬೇಕಾದರೆ ಪಕ್ಕದ ಮನೆಯವರನ್ನು ಕೂರಿಸಿ, ತಲೆಗೆ ನೀರು ಹಾಕಿಕೊಂಡ ಹಾಗೇ ಓಡಿ ಬರುತ್ತಿದ್ದಳು. ಗಂಗಾಧರ ಗದರಿದ. "ಹೋಗಿ ಸರಿಯಾಗಿ ಮಲಗು. ನಾನೆಲ್ಲಿಗೆ ಓಡಿಹೋಗ್ತೀನಿ?"

"ನೀನು ಕರೆದಾಗ ನಾನಿಲ್ದೇ ಹೋದ್ರೆ?"

"ಇಲ್ದೇ ಹೋದ್ರೆ ಏನೀಗ?"

ಅವಳು ಕಂಬಿಗೆ ತಲೆ ಆನಿಸಿದಳು. "ಅಮ್ಮ ಬೆಲ್ ಒತ್ತಿದ್ಲು ಅಪ್ಪ. ನಂಗೆ ಕೇಳಿಸ್ತು. ಬಂದೆ ಅಂದೆ, ಬರಲಿಲ್ಲ. ಆಟ ಮುಗಿಸಿ ಬಂದೆ. ಅವಳಿಗೆ ಏನು ಬೇಕಿತ್ತೋ, ನೀರು ಬೇಕಿತ್ತೋ, ನಾನೇ ಬೇಕಿತ್ತೋ. ಹೋಗಿಬಿಟ್ಟಿದ್ಲು."

ಗಂಗಾಧರನ ಎದೆ ಏರಿ ಇಳಿಯಿತು. "ನಾನು ಕಂಬದ ಮೇಲಿದ್ದೆ ಮಗಾ" ಅಂದ. "ನಂಗೇನು ಗೊತ್ತು. ಬೆಲ್ಲು ಹಾಕಿದ ಪಾಪಿ ನಾನು." ನನ್ನೊಳಗಿನ ಒಂದೊಂದು ಬೆಸುಗೆಯೂ ಬಿಟ್ಟುಹೋಗುತ್ತದೆ ಅನ್ನಿಸಿತು. ಗೊತ್ತಿದ್ದವನು ನಾನು. ಅಂದು ನಾಗವೇಣಿಯ ಕೆಳಗೂ ಈಗ ಅವನ ಕೆಳಗೂ ನಾನೇ ಇದ್ದೆ.

ಹನ್ನೊಂದನೆಯ ದಿನ ಬೆಳಿಗ್ಗೆ ದೊಡ್ಡತಾಯಮ್ಮ ಬಂದಳು. ಎಪ್ಪತ್ತೈದು ದಾಟಿತ್ತು. ನಡು ಬಗ್ಗಿತ್ತು, ದನಿ ಬಗ್ಗಿರಲಿಲ್ಲ. ತಮ್ಮನ ಉಸಿರು ಕೇಳಿದ ಕೂಡಲೇ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಚಾಪೆ ಹಾಸಿ. ಪಕ್ಕದ ಮನೆಯವರನ್ನ ಕರೀರಿ. ಇಳಿಸಬೇಕು."

"ಯಾರೂ ಮುಟ್ಟಬೇಡಿ" ಅಂದಳು ಹೇಮಿ.

"ತಲೆ ಕೆಟ್ಟಿದ್ಯೇನೇ? ಮಂಚದ ಮೇಲೆ ಜೀವ ಹೋಗಬಾರದು."

"ಅಮ್ಮನ್ನ ನೀವೇ ಇಳಿಸಿದ್ರಲ್ಲ ಅತ್ತೆ. ಅವಳು ನನ್ನ ಕರೀತಿದ್ಲು. ಬೆಲ್ ಒತ್ತಿ ಕರೀತಿದ್ಲು. ನಾನು ಬರೋ ತನಕ ಕಾಯಲಿಲ್ಲ ನೀವು. ಇಪ್ಪತ್ತೆರಡು ವರ್ಷ ಆಯ್ತು, ನನ್ನ ಕಿವಿಯಿಂದ ಆ ಬೆಲ್ಲು ಹೋಗಿಲ್ಲ."

ದೊಡ್ಡತಾಯಮ್ಮ ನಿಂತಲ್ಲೇ ನಿಂತಳು. "ಯಾರು ಒತ್ತಿದ್ದು?"

"ಅಮ್ಮ."

"ಅವಳಿಗೆ ಕೈ ಎತ್ತೋ ಶಕ್ತಿ ಎಲ್ಲಿತ್ತೇ? ನಾನು ಹೆಗಲು ಹಿಡಿದು ಎತ್ತೋವಾಗ ನನ್ನ ಮೊಣಕೈ ತಗುಲಿ ಬಡ್ಕೊಂಡಿದ್ದು ಅದು. ಕೈ ತಪ್ಪಿ ಬೀಳಿಸಿಬಿಡ್ತಿದ್ದೆ ಅವಳನ್ನ." ಮುದುಕಿಯ ದನಿ ಇಳಿಯುತ್ತಾ ಬಂತು. "ಅದಕ್ಕೂ ಮುಂಚೆ ಕೇಳಿದ್ದೆ ಕಣೇ ನಾನು, ಹೇಮೀನ ಕರೀಲಾ ಅಂತ. ಬೇಡ, ಆಡ್ಲಿ ಅಂದ್ಲು. ಕಾಲಿನ ಸದ್ದು ಕೇಳಿಸ್ತಾ ಇದೆ ಅಂದ್ಲು. ಅದನ್ನ ಕೇಳ್ತಾನೇ ಹೋದ್ಲು."

"ಯಾಕೆ ಹೇಳಲಿಲ್ಲ ಅತ್ತೆ?"

"ನೀನು ಕೇಳಲಿಲ್ಲವಲ್ಲೇ."

"ಕೇಳಿದೆ. ಅವತ್ತೇ ಕೇಳಿದೆ. ಮಕ್ಳು ಇದನ್ನೆಲ್ಲ ಕೇಳಬಾರದು ಅಂದ್ರಿ."

ದೊಡ್ಡತಾಯಮ್ಮನಿಗೆ ಅದು ನೆನಪಾಯಿತೋ ಇಲ್ಲವೋ, ನನಗೆ ತಿಳಿಯದು. ಕಂಬಿ ಹಿಡಿದುಕೊಂಡು ಮೆಲ್ಲಗೆ ನನ್ನ ತುದಿಯಲ್ಲಿ ಕುಳಿತಳು. ತಮ್ಮನ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡಳು.

ಆಗ ಗಂಗಾಧರ ಕಣ್ಣು ತೆರೆದ. ಎಲ್ಲಾ ಕೇಳಿಸಿಕೊಂಡಿದ್ದ. ಮಗಳ ಕಡೆ ತಿರುಗಿದ. "ಕೇಳಿಸ್ಕೊಂಡ್ಯಾ?" ಅಂದ.

"ಹೂಂ ಅಪ್ಪ. ಕೇಳಿಸ್ಕೊಂಡೆ."

ಅರ್ಧ ಗಂಟೆಯ ಮೇಲೆ ದೊಡ್ಡತಾಯಮ್ಮ ಸಣ್ಣ ದನಿಯಲ್ಲಿ ಕೇಳಿದಳು. "ಇಳಿಸೋದು ಬೇಡ್ವಾ ಹಂಗಾದ್ರೆ?"

"ಬೇಡ ಅತ್ತೆ. ಅವನ ಪಾಡಿಗೆ ಅವನು ಮುಗಿಸ್ಲಿ."

ತುಳಸಿ ನೀರನ್ನು ಮುದುಕಿ ನನ್ನ ಮೇಲೆಯೇ ಬಿಟ್ಟಳು. ಒಂದು ಹನಿ ಕೆನ್ನೆಯಿಂದ ಜಾರಿ ನನ್ನ ತಗಡಿಗೆ ಬಿತ್ತು. ಮಗಳ ಕೈ ಅವನ ಕೈಯಲ್ಲಿತ್ತು, ಅಕ್ಕನ ಕೈ ಅವನ ಕಾಲ ಮೇಲಿತ್ತು. ಉಸಿರು ಬಂತು, ತಡವಾಗಿ ಇನ್ನೊಂದು ಬಂತು, ಆಮೇಲೆ ಬರಲಿಲ್ಲ. ಮನೆಗಳಲ್ಲಿ ಹತ್ತು ಜನರನ್ನು ಹೊತ್ತ ನಾನು ಅವತ್ತೇ ಮೊದಲ ಸಲ ಸಾವನ್ನು ಹೊತ್ತದ್ದು. ಜೀವ ಹೋದ ಮೇಲೆ ಹಗುರವಾಗುತ್ತಾರೆ ಅಂದುಕೊಂಡಿದ್ದೆ. ಆಗಲಿಲ್ಲ. ಅದೇ ಭಾರ, ಅದೇ ಬೆನ್ನು. ಹೆದರುವಂಥದು ಏನೂ ಇರಲಿಲ್ಲ. ದುಃಖ ಮಾತ್ರ ಇತ್ತು, ಬೇಕಾದಷ್ಟು ಇತ್ತು.

ನನ್ನ ಮೇಲೆ ಜೀವ ಹೋಯಿತು ಅನ್ನುವ ಸುದ್ದಿ ಹರಡಿದ ಮೇಲೆ ಯಾವ ಮನೆಯವರೂ ನನ್ನನ್ನು ಕೇಳಲಿಲ್ಲ. ಆಫೀಸಿನವರೂ ವಾಪಸ್ಸು ಬೇಡ ಅಂದರು. ಹನ್ನೊಂದು ದಿನ ಅಂಗಳದ ಮೂಲೆಯಲ್ಲಿದ್ದೆ, ಆಮೇಲೆ ಗುಜರಿಗೆ ಬಂದೆ. ಈಗ ತುಕ್ಕು ಹಿಡಿದ ಬೀರುವಿನ ಮೇಲೆ ಕಾಲು ಮೇಲೆ ಮಾಡಿಕೊಂಡು ಬಿದ್ದಿದ್ದೇನೆ. ನಾಳೆಯೋ ನಾಡಿದ್ದೋ ಕರಗಿಸುತ್ತಾರೆ. ನನಗೆ ಯಾರೂ ಸುಳ್ಳು ಹೇಳಿಲ್ಲ, ಅದು ಸಮಾಧಾನ. ಮನುಷ್ಯರ ಬಗ್ಗೆ ನನಗೆ ಗೊತ್ತಾದದ್ದು ಇಷ್ಟೇ: ಸಾವಿಗೆ ಅವರು ಅಷ್ಟು ಹೆದರಬೇಕಾಗಿರಲಿಲ್ಲ, ಅದರ ಮಾತೆತ್ತಲು ಹೆದರಿದ್ದೇ ಅವರನ್ನು ಹೆಚ್ಚು ತಿಂದಿತು.

ಗುಜರಿಗೆ ಬರುವ ಹಿಂದಿನ ದಿನ ಬೆಳಿಗ್ಗೆ ಹೇಮಿ ಅಂಗಳಕ್ಕೆ ಬಂದಳು. ಬ್ಲೇಡಿನಿಂದ ಕರಿ ಟೇಪು ಕತ್ತರಿಸಿ ಗುಂಡಿಯನ್ನು ಬಿಡಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ ಸುಣ್ಣದ ಕಲ್ಲಿನಿಂದ ನೆಲದ ಮೇಲೆ ಚೌಕಗಳನ್ನು ಗೀಚಿದಳು. ಮೂವತ್ತೊಂದು ವರ್ಷದ ಹೆಂಗಸು, ಸೀರೆ ಎತ್ತಿ ಸಿಕ್ಕಿಸಿ, ಹೆಂಚಿನ ಚೂರು ಎಸೆದು, ಒಂದೇ ಕಾಲಿನ ಮೇಲೆ ನಿಂತಳು. ಅಳುತ್ತಾ ಅಳುತ್ತಾ ಕುಂಟಿದಳು. ಕುಂಟುತ್ತಾ ನನ್ನ ಬೆನ್ನ ಕಡೆಗೆ ಹೋದಳು. ನಾನು ಗೋಡೆಗೆ ಒರಗಿದ್ದೆ, ಆಮೇಲೆ ನನಗೆ ಅವಳು ಕಾಣಲಿಲ್ಲ.

ಕಾಲಿನ ಸದ್ದು ಕೇಳಿಸಿತು.